ಬಾಳೂರಿನ ಹನಿ ಕಾಫಿ ಮತ್ತು ಒಂದು ಫೈಲ್ ಹ್ಯಾಂಡಲ್

ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರು ಫೋನಿನಲ್ಲಿ ಕೂಗುವುದು ಹೊಸತೇನಲ್ಲ. ಎದುರಿಗೆ ನಿಂತಿದ್ದರೂ ಅವರು ಕೂಗಿಯೇ ಮಾತಾಡುತ್ತಾರೆ. ಕಾಫಿ ಬೀಜದ ಸಿಪ್ಪೆ ಬಿಡಿಸುವ ಮೆಷಿನ್ನಿನ ಪಕ್ಕ ಅರ್ಧ ಆಯುಷ್ಯ ಕಳೆದ ಗಂಟಲು ಅದು. ಆದರೆ ಆ ಬೆಳಿಗ್ಗೆ ಅವರ ಕೂಗಿನಲ್ಲಿ ನಿಜವಾದ ಗಾಬರಿಯಿತ್ತು.

"ಮೇಡಂ, ಸಾರ್ಟರಿಗೆ ಎಂತದೋ ಹಿಡ್ದಿದೆ ಮಾರಾಯ್ರೆ! ಒಳ್ಳೆ ಬೀಜನೆಲ್ಲ ಊದಿ ಹೊರಗೆ ಹಾಕ್ತಾ ಉಂಟು. ಸೀಸನ್ನಿನ ಮೊದಲ್ನೇ ಲೋಡು. ಇದ್ದ ಹಾಗೇ ಹೊರಟು ಬನ್ನಿ."

ಬಣಕಲ್‌ನ ಮನೆಯಲ್ಲಿ ದೋಸೆ ಕಾವಲಿಯ ಮೇಲಿತ್ತು. ಅದನ್ನು ಹಾಗೆಯೇ ಮಡಚಿ ಬಾಯಿಗೆ ತುರುಕಿಕೊಂಡು ಸ್ಕೂಟರ್ ಹತ್ತಿದೆ. ಮೂಡಿಗೆರೆಯ ಹೊರಗಿರುವ ಆ ಕ್ಯೂರಿಂಗ್ ವರ್ಕ್ಸ್‌ನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಸಾಮಾನ್ಯವಾಗಿ ಅಲ್ಲಿನ ರೋಗಗಳೆಲ್ಲ ಒಂದೋ ಕರೆಂಟಿನವು, ಇಲ್ಲವೇ ಇಲಿ ಕಡಿದ ಕೇಬಲಿನವು. ಅಂಥದ್ದೇ ಏನೋ ಇರಬೇಕು, ಹನ್ನೊಂದರ ಕಾಫಿಗೆ ಮನೆಗೆ ವಾಪಸಾಗಬಹುದು ಎಂದುಕೊಂಡಿದ್ದೆ.

ಶೆಡ್ಡಿನ ಬಾಗಿಲಲ್ಲೇ ಸದ್ದು ಕೇಳಿಸಿತು. ಕಲರ್ ಸಾರ್ಟರ್ ಎಂದರೆ ಬೀಜದ ಬಣ್ಣ ನೋಡಿ ಆರಿಸುವ ಯಂತ್ರ. ಬೀಜಗಳು ಕ್ಯಾಮೆರಾದ ಮುಂದೆ ಜಾರಿ ಬೀಳುತ್ತವೆ, ಕಪ್ಪೋ ಹುಳುಕೋ ಕಂಡರೆ ಗಾಳಿಯ ನಳಿಕೆಯೊಂದು ಅದನ್ನು ಪಕ್ಕಕ್ಕೆ ಊದುತ್ತದೆ. ಒಳ್ಳೆಯ ಕಾಫಿಯಾದರೆ ಆಗೊಮ್ಮೆ ಈಗೊಮ್ಮೆ 'ಟಕ್' ಎಂದು ಕೇಳಬೇಕು. ಆ ದಿನ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಚಟ ಚಟಚಟ. ತಿರಸ್ಕಾರದ ತೊಟ್ಟಿ ತುಂಬುತ್ತಿತ್ತು, ಒಳ್ಳೆಯದರ ತೊಟ್ಟಿಯ ತಳ ಕಾಣುತ್ತಿತ್ತು.

ತಿರಸ್ಕಾರದ ತೊಟ್ಟಿಯ ಪಕ್ಕದಲ್ಲೇ ಒಬ್ಬ ಹೆಂಗಸು ನಿಂತಿದ್ದರು. ಬಾಳೂರಿನ ಕಡೆಯ ಸಣ್ಣ ಬೆಳೆಗಾರ್ತಿ, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಓಡುತ್ತಿದ್ದ ಕಾಫಿ ಅವರದು. ಹಣ್ಣಿನ ಸಿಪ್ಪೆ ಮಾತ್ರ ತೆಗೆದು, ಒಳಗಿನ ಅಂಟನ್ನು ತೊಳೆಯದೆ ಹಾಗೆಯೇ ಒಣಗಿಸುವ ಹನಿ ಕಾಫಿಯನ್ನು ಅವರು ಮೊದಲ ಬಾರಿ, ಅರ್ಧ ತೋಟದ ಹಣ್ಣಿನಲ್ಲಿ ಮಾಡಿದ್ದರು. ಜೇನಿನಂಥ ಆ ಅಂಟಿನಿಂದಲೇ ಅದಕ್ಕೆ ಇಂಗ್ಲಿಷಿನ 'ಹನಿ' ಎಂಬ ಹೆಸರು. ಒಣಗುವಾಗ ಕೈಯಾಡಿಸುತ್ತಲೇ ಇರಬೇಕು, ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಅಂಟಿನ ಕಾಫಿಯಾದ್ದರಿಂದ ಬೀಜದ ಮೇಲೆ ಸ್ವಲ್ಪ ಕೆಂಪು ಛಾಯೆ ಉಳಿಯುತ್ತದೆ.

"ಮನೇಲಿ ಭಾವ ಹೇಳಿ ಕಳ್ಸಿದಾರೆ ಮೇಡಂ," ಎಂದರು ಅವರು, ಯಾರೂ ಕೇಳದಿದ್ದರೂ. "ಈ ಸಲ ಇದು ಪಾಸಾಗದಿದ್ರೆ ಮುಂದಿನ ವರ್ಷದಿಂದ ಎಲ್ಲರ ಹಾಗೆ ಕಾಫಿ ಹಣ್ಣನ್ನೇ ಮಾರೂದು, ಈ ಆಟ ಎಲ್ಲ ಸಾಕು ಅಂತ. ಖರೀದಿಯವರು ಇವತ್ತು ಮಧ್ಯಾಹ್ನದ ಮೇಲೆ ಬಂದು ಸ್ಯಾಂಪಲ್ ತಗೊಳ್ತಾರಂತೆ. ಈ ತೊಟ್ಟಿ ನೋಡಿದ್ರೆ ಎಂತ ಹೇಳಿಯಾರು?"

ಮೊದಲು ಮೆಷಿನ್ ನಿಲ್ಲಿಸಿದೆ. ಇನ್ನೂ ಮುಕ್ಕಾಲು ಪಾಲು ಮೂಟೆಗಳು ಉಳಿದಿದ್ದವು.

ಪ್ರತಿಯೊಂದು ಬಗೆಯ ಕಾಫಿಗೂ ಒಂದು ಸೆಟ್ಟಿಂಗ್ ಫೈಲ್ ಇರುತ್ತದೆ. ಯಾವ ಬಣ್ಣ ಸರಿ, ಯಾವುದು ತಪ್ಪು ಎಂದು ಸಾರ್ಟರಿಗೆ ಹೇಳುವುದು ಅದು. ಫೈಲುಗಳೆಲ್ಲ ಆಫೀಸಿನ ಸರ್ವರಿನಲ್ಲಿವೆ. ಸಾರ್ಟರುಗಳು ಅವನ್ನು ನೆಟ್‌ವರ್ಕ್ ಮೂಲಕ ಓದುತ್ತವೆ, ಬರೆಯಲಾರವು. ಬರೆಯುವುದು ಲ್ಯಾಬಿನ ವಿಂಡೋಸ್ ಕಂಪ್ಯೂಟರಿನಿಂದ, ಅದೂ ಮ್ಯಾನೇಜರೊಬ್ಬರೇ. ಹೋದ ವರ್ಷ ಬೇರೆ ತೋಟದಿಂದ ಬಂದಿದ್ದ ಹನಿ ಕಾಫಿ ತೆಳು ಹಳದಿಯದು. ಈ ಬೆಳೆಗಾರ್ತಿಯ ಕೆಂಪು ಬೀಜಗಳ ಸ್ಯಾಂಪಲ್ ನೋಡಿ ಮ್ಯಾನೇಜರು ಹಿಂದಿನ ವಾರವೇ ಆ ಫೈಲನ್ನು ತಿದ್ದಿದ್ದರು.

ಲ್ಯಾಬಿನಲ್ಲಿ ಫೈಲ್ ತೆರೆದೆ. ತಿದ್ದಿದ ಫೈಲೇ ಇದೆ. ಸಾರ್ಟರಿನ ಪರದೆಯಲ್ಲಿ ಅದೇ ಫೈಲ್ ತೆರೆದೆ. ಹೋದ ವರ್ಷದ್ದು!

"ನೋಡಿ, ನಾನು ತಿದ್ದಿದ್ದು ಸರಿ ಉಂಟು!" ಎಂದು ಮ್ಯಾನೇಜರು ಹೊಗಳಿಕೆಗೆ ಕಾಯುವವರಂತೆ ನನ್ನ ಮುಖ ನೋಡಿದರು. ಹೊಗಳಲು ನನಗೆ ಪುರುಸೊತ್ತಿರಲಿಲ್ಲ. ಸಾರ್ಟರು ಹಳೆಯದನ್ನು ನೆನಪಿನಲ್ಲಿಟ್ಟುಕೊಂಡಿದೆ, ಅಷ್ಟೇ ತಾನೆ ಎಂದುಕೊಂಡು ಅದನ್ನು ಆಫ್ ಮಾಡಿ ಆನ್ ಮಾಡಿದೆ. ಹಳೆಯದೇ ಬಂತು. ಸರ್ವರಿನ ಫೋಲ್ಡರನ್ನು ಬಿಡಿಸಿ ಮತ್ತೆ ಜೋಡಿಸಿದೆ. ಹಳೆಯದೇ. ಪಕ್ಕದ ಎರಡು ಸಾರ್ಟರುಗಳಲ್ಲಿ ನೋಡಿದೆ. ಅಲ್ಲೂ ಹಳೆಯದೇ. ಸರಿ, ಸರ್ವರೇ ಹಳೆಯದನ್ನು ಹಿಡಿದುಕೊಂಡಿರಬೇಕೆಂದು ಅದರ ನೆನಪನ್ನೂ ತೊಳೆದೆ. ಊಹೂಂ.

ಆಮೇಲೆ ಎರಡೂ ಕಡೆ ಫೈಲಿನ ಇನೋಡ್ ಸಂಖ್ಯೆ ನೋಡಿದೆ. ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಒಂದು ಸಂಖ್ಯೆ ಇರುತ್ತದೆ, ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಸಾರ್ಟರುಗಳು ಬೇರೆ ಯಾವುದೋ ಫೈಲನ್ನು ಓದುತ್ತಿದ್ದರೆ ಸಂಖ್ಯೆ ಬೇರೆ ಬರಬೇಕಿತ್ತು.

ಬರಲಿಲ್ಲ. ಅದೇ ಹೆಸರು, ಅದೇ ಸಂಖ್ಯೆ. ಒಳಗಿರುವುದು ಮಾತ್ರ ಬೇರೆ. ನನಗೆ ಮೈ ಜುಮ್ಮೆಂದಿತು. ಎಷ್ಟೋ ವರ್ಷಗಳ ಮೇಲೆ ಸರಿಯಾದ ರೋಗವೊಂದು ಸಿಕ್ಕಿತ್ತು! ಪಕ್ಕದಲ್ಲಿ ಒಬ್ಬರ ಬೆಳೆ ಹಾಳಾಗುತ್ತಿರುವಾಗ ಹೀಗೆ ಖುಷಿಪಡುವುದು ಸರಿಯಲ್ಲ, ಗೊತ್ತು. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಸರ್ವರನ್ನೇ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮಾರಾಯ್ರೆ," ಎಂದರು ಮ್ಯಾನೇಜರು. ಅದರಿಂದ ಪ್ರಯೋಜನವಿಲ್ಲವೆಂದು ಅನಿಸಿದರೂ ಒಪ್ಪಿದೆ. ಅದು ಏಳುವವರೆಗೆ ಎಲ್ಲರೂ ಹೆರಿಗೆ ವಾರ್ಡಿನ ಹೊರಗೆ ಕೂತವರ ಹಾಗೆ ಕೂತಿದ್ದೆವು. ಎದ್ದಿತು. ಮೂಟೆಯಿಂದ ಒಂದು ಮೊರ ಬೀಜ ಸುರಿದು ನೋಡಿದೆವು. ಚಟಚಟ ಚಟಚಟ.

ಮ್ಯಾನೇಜರ ತಾಳ್ಮೆ ಅಲ್ಲಿಗೆ ಮುಗಿಯಿತು. "ಇದನ್ನ ಮಾಮೂಲಿ ಕಾಫಿ ಜೊತೆ ಸೇರಿಸಿ ಕಳಿಸ್ಬಿಡೋಣ. ಖರೀದಿಯವರಿಗೆ ನಾನು ಹೇಳ್ತೇನೆ, ಈ ಸಲ ಹನಿ ಇಲ್ಲ ಅಂತ."

ಬೆಳೆಗಾರ್ತಿ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ತಿರಸ್ಕಾರದ ತೊಟ್ಟಿಯಿಂದ ಒಂದು ಹಿಡಿ ಬೀಜ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಮೇಡಂ, ನನ್ನ ಕಾಫಿನೇ ಸರಿ ಇಲ್ಲ ಅಂತಾದ್ರೆ ಹೇಳ್ಬಿಡಿ. ನಂಗೆ ಬೇಜಾರಿಲ್ಲ."

ಬೇಜಾರಿತ್ತು. ಮುಖದ ಮೇಲೆಯೇ ಇತ್ತು.

"ಅಕ್ಕಾ, ಕಾಫಿ ವಿಷಯ ನಂಗೊತ್ತಿಲ್ಲ," ಎಂದೆ. "ಆದ್ರೆ ಈ ಮೆಷಿನ್ ಹೇಳ್ತಿರೋದು ನಿಮ್ಮ ಕಾಫಿ ನೋಡಿ ಅಲ್ಲ. ಅದು ಹೋದ ವರ್ಷದ ಕಾಫಿ ಹುಡುಕ್ತಾ ಇದೆ. ಖರೀದಿಯವರು ಬರೋ ತನಕ ಒಂದು ಮೂಟೆಯನ್ನೂ ಯಾರಿಗೂ ಮುಟ್ಟಕ್ಕೆ ಬಿಡ್ಬೇಡಿ."

ಅವರು ಹೋಗಿ ಮೂಟೆಗಳ ಮೇಲೆಯೇ ಕೂತುಬಿಟ್ಟರು. ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಸರ್ವರಿನ ಮುಂದೆ ಕುರ್ಚಿ ಎಳೆದುಕೊಂಡೆ.

ಇಲ್ಲಿ ಸ್ವಲ್ಪ ವಿವರಿಸಬೇಕು. ಲ್ಯಾಬಿನ ಕಂಪ್ಯೂಟರು ಸರ್ವರಿಗೆ ಪ್ರತಿ ಸಲವೂ ದಾರಿ ಹೇಳುತ್ತದೆ: ಇಂಥ ಡಿಸ್ಕಿನ, ಇಂಥ ಫೋಲ್ಡರಿನ, ಇಂಥ ಫೈಲು. ಸಾರ್ಟರುಗಳು ಹಾಗಲ್ಲ. ಅವು ಮೊದಲ ಸಲ ಹೆಸರು ಹೇಳಿ ಕೇಳಿದಾಗ ಸರ್ವರು ಒಂದು ಹ್ಯಾಂಡಲ್ ಕೊಡುತ್ತದೆ, ಒಂದಷ್ಟು ಬೈಟುಗಳ ಚೀಟಿ. ಆಮೇಲೆ ಅದನ್ನು ತೋರಿಸಿದರೆ ಸಾಕು. ಆ ಚೀಟಿಯಲ್ಲಿ ದಾರಿಯೇ ಇರುವುದಿಲ್ಲ! ಇರುವುದು ಮುಖ್ಯವಾಗಿ ಮೂರು ವಿಷಯ: ಯಾವ ಫೈಲ್‌ಸಿಸ್ಟಮ್, ಅಂದರೆ ಯಾವ ಡಿಸ್ಕಿನ ಫೈಲುಗಳ ಏರ್ಪಾಡು, ಎಂಬ ಹದಿನಾರು ಬೈಟಿನ ಗುರುತು, ಇನೋಡ್ ಸಂಖ್ಯೆ, ಮತ್ತು ಜನರೇಷನ್ ಸಂಖ್ಯೆ.

ಹಿಂದೆ ನಿಂತು ಇಣುಕುತ್ತಿದ್ದ ಮ್ಯಾನೇಜರಿಗೆ ಅವರ ಭಾಷೆಯಲ್ಲೇ ಹೇಳಿದೆ. "ಎಸ್ಟೇಟಲ್ಲಿ ಸಿಲ್ವರ್ ಓಕ್ ಮರಕ್ಕೆ ನಂಬರ್ ಬರೀತೀರಲ್ಲ. ಯಾವ ಎಸ್ಟೇಟು, ಎಷ್ಟನೇ ನಂಬರು. ಮರ ಬಿದ್ದು ಅದೇ ಗುಂಡಿಗೆ ಹೊಸ ಗಿಡ ಇಟ್ರೆ ನಂಬರ್ ಅದೇ, ಆದ್ರೆ ಮರ ಬೇರೆ. ಅದಕ್ಕೇ ಎಷ್ಟನೇ ಸಲ ನೆಟ್ಟದ್ದು ಅಂತ್ಲೂ ಬರೀಬೇಕು. ಅದೇ ಜನರೇಷನ್ನು. ಹಳೇ ಮರದ ಚೀಟಿ ತಂದವರಿಗೆ ಕರ್ನಲ್ಲು, ಅಂದ್ರೆ ಸರ್ವರೊಳಗಿನ ಯಜಮಾನ ಪ್ರೋಗ್ರಾಮು, 'ಆ ಮರ ಈಗಿಲ್ಲ, ಹೋಗಿ' ಅಂತದೆ."

"ಹಾಗಾದ್ರೆ ಇಲ್ಲಿ ಅಂದಿಲ್ವಲ್ಲ?"

"ಅದೇ ಮಜಾ!"

ನೆಟ್‌ವರ್ಕಿನಲ್ಲಿ ಹೋಗುತ್ತಿದ್ದ ಪ್ಯಾಕೆಟ್ಟುಗಳನ್ನು ಹಿಡಿದು ಹ್ಯಾಂಡಲನ್ನು ಹೊರತೆಗೆದೆ. ಪೇಪರಿನ ಮೇಲೆ ಒಂದೊಂದೇ ಬೈಟು ಬಿಡಿಸಿ ಬರೆದೆ. ಮೊದಲ ನಾಲ್ಕು, ಚೀಟಿಯ ಬಗೆ ಹೇಳುವವು. ಮುಂದಿನ ಹದಿನಾರು, ಫೈಲ್‌ಸಿಸ್ಟಮ್ಮಿನ ಗುರುತು. ನಮ್ಮ ಡಿಸ್ಕಿನದೇ. ಆಮೇಲಿನ ನಾಲ್ಕು ಇನೋಡ್, ಬೈಟುಗಳನ್ನು ತಿರುವಿ ಓದಿದರೆ ನಮ್ಮ ಫೈಲಿನದೇ. ಕೊನೆಯ ನಾಲ್ಕು ಜನರೇಷನ್. ಡಿಸ್ಕಿನೊಳಗಿನ ಇನೋಡನ್ನು ನೇರವಾಗಿ ಓದಿಸಿ ಹೋಲಿಸಿದೆ. ಅದೂ ಸರಿ! ಚೀಟಿಯಲ್ಲಿ ಒಂದಕ್ಷರ ತಪ್ಪಿಲ್ಲ. ಸರಿಯಾದ ಚೀಟಿ ತೋರಿಸಿದರೆ ಕರ್ನಲ್ಲು ತಪ್ಪು ಫೈಲ್ ಕೊಡುತ್ತಿದೆ. ಪೆನ್ನು ಕಚ್ಚುತ್ತ ಕೂತೆ. ಇಷ್ಟು ಹೊತ್ತೂ ನಾನು ಕರ್ನಲ್ಲಿನ ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದೆ, ಒಳಗೆ ಹೋಗಿರಲಿಲ್ಲ.

ಒಳಗೆ ನಡೆಯುವುದು ಹೀಗೆ. ಚೀಟಿ ಬಂದೊಡನೆ ಕರ್ನಲ್ಲು ಮೊದಲು ಗುರುತನ್ನು ತನ್ನ ಕೋಷ್ಟಕದಲ್ಲಿ ನೋಡುತ್ತದೆ: ಈ ಗುರುತಿನ ಫೈಲ್‌ಸಿಸ್ಟಮ್ ಯಾವುದು? ಗೊತ್ತಿಲ್ಲದಿದ್ದರೆ ಹೊರಗಿರುವ ಒಂದು ಸಹಾಯಕ ಪ್ರೋಗ್ರಾಮನ್ನು ಕೇಳಿ ತಿಳಿದುಕೊಳ್ಳುತ್ತದೆ. ಉತ್ತರ ಸಿಕ್ಕ ಮೇಲೆ ಹ್ಯಾಂಡಲ್ ಬಿಡಿಸುವ ಫಂಕ್ಷನ್ ಎಂಬ ಕೋಡಿನ ತುಣುಕು ಕೆಲಸಕ್ಕಿಳಿಯುತ್ತದೆ. ಅದು ಆ ಫೈಲ್‌ಸಿಸ್ಟಮ್ಮಿಗೆ ಇನೋಡ್ ಸಂಖ್ಯೆ ಕೊಟ್ಟು ಫೈಲ್ ತರಿಸುತ್ತದೆ, ಜನರೇಷನ್ ತಾಳೆ ನೋಡಿಸುತ್ತದೆ. ಆ ಫಂಕ್ಷನ್ನಿನ ಬಾಗಿಲಲ್ಲಿ ಒಂದು ಕಿವಿ ಇಟ್ಟರೆ ಅದು ಯಾವ ಡಿಸ್ಕಿನ ಮೇಲೆ ಕೈ ಹಾಕುತ್ತಿದೆಯೆಂದು ಗೊತ್ತಾಗುತ್ತದೆ. ಓಡುತ್ತಿರುವ ಕರ್ನಲ್ಲಿನಲ್ಲಿ ಹಾಗೆ ಕಿವಿ ಇಡುವ ಸೌಲಭ್ಯ ಉಂಟು. ಆದರೆ ಡಿಸ್ಕಿನ ಸಂಖ್ಯೆ ಅಲ್ಲಿ ನೇರವಾಗಿ ಸಿಗುವುದಿಲ್ಲ. ಫಂಕ್ಷನ್ನಿಗೆ ಬರುವ ಮೊದಲ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಹಿಡಿದು ಎಂಟು ಬೈಟು ಮುಂದೆ ಹೋಗಬೇಕು, ಅಲ್ಲಿ ಇನ್ನೊಂದು ಪಾಯಿಂಟರ್. ಅದನ್ನು ಹಿಡಿದು ಹದಿನಾರು ಬೈಟು ಮುಂದೆ ಹೋದರೆ ಎರಡು ಭಾಗದ ಡಿಸ್ಕಿನ ಸಂಖ್ಯೆ. ಮೊದಲ ಸಲ ಲೆಕ್ಕ ತಪ್ಪಿ ಕಸ ಬಂತು. ಎರಡನೇ ಸಲವೂ ಕಸವೇ. ಪ್ರೊಸೆಸರಿನ ರಿಜಿಸ್ಟರಿನ ಹೆಸರನ್ನೇ ತಪ್ಪು ಹೊಡೆದಿದ್ದೆ. ಸರಿಪಡಿಸಿ, "ಈಗ ಸಾರ್ಟರಲ್ಲಿ ಫೈಲ್ ತೆರೀರಿ!" ಎಂದು ಶೆಡ್ಡಿನ ಕಡೆ ಕೂಗಿದೆ. ಆ ಹೊತ್ತಿಗೆ ನಾನೂ ಮ್ಯಾನೇಜರ ಹಾಗೆಯೇ ಕೂಗುತ್ತಿದ್ದೆ.

ನಮ್ಮ ಡಿಸ್ಕಿನದು ಎಂಟು, ಹದಿನೇಳು. ಪರದೆಯ ಮೇಲೆ ಬಂದದ್ದು ಎಂಟು, ಮೂವತ್ತಮೂರು.

ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಸರ್ವರ್ ಪೆಟ್ಟಿಗೆಯಲ್ಲಿ ಎಂಟು-ಮೂವತ್ತಮೂರು ಎಂಬ ಡಿಸ್ಕ್ ಇರಬಾರದು! ಒಳಗಿನ ಡಿಸ್ಕುಗಳ ಗುರುತುಗಳನ್ನು ಬರೆಸಿದೆ. ಎರಡು ಸಾಲು ಬಂದವು, ಹದಿನಾರು ಬೈಟೂ ಒಂದೇ. ಸರ್ವರ್ ಪೆಟ್ಟಿಗೆಯ ಮುಂಬಾಗಿಲು ತೆಗೆದರೆ ಎರಡನೇ ಖಾನೆಯಲ್ಲಿ ನಮ್ಮ ಡಿಸ್ಕು, ಮೂರನೇ ಖಾನೆಯಲ್ಲಿ ಇನ್ನೊಂದು. ಎರಡರ ಹಣೆಗೂ ಅರಿಶಿನ ಕುಂಕುಮ.

"ಮೇಸ್ತ್ರೀ!"

ಮೆಷಿನ್ನುಗಳನ್ನು ಓಡಿಸುವ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದರು. ಹಿಂದಿನ ದಿನ ಸೀಸನ್ ಶುರುವಿನ ಮೆಷಿನ್ ಪೂಜೆ ನಡೆದಿತ್ತು. ಸಿಪ್ಪೆ ಬಿಡಿಸುವ ಹಲ್ಲರು, ಸಾರ್ಟರು, ತಕ್ಕಡಿ, ಜೀಪು ಎಲ್ಲಕ್ಕೂ ಪೂಜೆ. ಈ ಸಲ ಸರ್ವರಿಗೂ ಆಗಲೆಂದು ಅದನ್ನು ಆಫ್ ಮಾಡಿ, ಡಿಸ್ಕನ್ನು ಹೊರತೆಗೆದು ಒರೆಸಿ ಮಣೆಯ ಮೇಲಿಟ್ಟಿದ್ದರಂತೆ. ಬೀರುವಿನಲ್ಲಿದ್ದ ಹೋದ ವರ್ಷದ ಕಾಪಿ ಡಿಸ್ಕೂ ಕಣ್ಣಿಗೆ ಬಿದ್ದಿದೆ. ಅದನ್ನೂ ಇಟ್ಟಿದ್ದಾರೆ.

"ಇಟ್ಟಿದ್ದು ಸರಿ. ಸರ್ವರೊಳಗೆ ಯಾಕೆ ಹಾಕಿದ್ರಿ?"

ಮೇಸ್ತ್ರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಪೂಜೆ ಆದ ಸಾಮಾನು ಚಾಲೂ ಮಾಡ್ದೆ ಬೀರುಗೆ ಹಾಕೂದಾ ಮೇಡಂ? ಜೀಪಿಗೆ ಪೂಜೆ ಮಾಡಿ ನಿಂಬೆಹಣ್ಣಿನ ಮೇಲೆ ಓಡಿಸ್ದೆ ಬಿಡ್ತಾರಾ? ಖಾಲಿ ಜಾಗ ಇತ್ತು, ಹಾಕ್ದೆ. ಹಸಿರು ದೀಪ ಹತ್ತಿತು, ಕೈ ಮುಗ್ದೆ."

ನಾನು ನಕ್ಕ ನಗುವಿಗೆ ಮ್ಯಾನೇಜರು ಹೆದರಿದರು. ಆ ಪೆಟ್ಟಿಗೆ ಹೇಗಿದೆಯೆಂದರೆ, ಯಾವ ಡಿಸ್ಕ್ ಹಾಕಿದರೂ ತಾನಾಗಿ ತೆರೆದು ಎಲ್ಲರಿಗೂ ಹಂಚುತ್ತದೆ. ಕಾಪಿಯನ್ನು ಮಾಡಿದ್ದೂ ಅದೇ ಪೆಟ್ಟಿಗೆಯ ಕಾಪಿ ಬಟನ್ನು, ಬಿಟ್ಟಿಗೆ ಬಿಟ್ಟು. ಹಾಗಾಗಿ ಗುರುತೂ ನಕಲಾಗಿದೆ, ಇನೋಡೂ, ಜನರೇಷನ್ನೂ. ಲ್ಯಾಬಿನಲ್ಲಿ ಮ್ಯಾನೇಜರು ಹೊಸ ಫೈಲ್ ಮಾಡದೆ ಹಳೆಯದನ್ನೇ ತಿದ್ದಿದ್ದರಿಂದ ಸಂಖ್ಯೆಗಳೂ ಹಾಗೆಯೇ ಉಳಿದಿವೆ. ಒಂದೇ ಬೋರ್ಡು ಹಾಕಿಕೊಂಡ ಎರಡು ಎಸ್ಟೇಟು, ಎರಡರಲ್ಲೂ ಅದೇ ನಂಬರಿನ ಮರ! ಕರ್ನಲ್ಲು ಕೇಳಿದಾಗ ಸಹಾಯಕ ಪ್ರೋಗ್ರಾಮು ತನ್ನ ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ತೋರಿಸಿದೆ. ಮೊದಲು ಸಿಕ್ಕಿದ್ದು ನಕಲು.

"ಹಾಗಾದ್ರೆ ಎಳೆದು ಬಿಸಾಕಿ ಅದನ್ನ!" ಎಂದು ಮ್ಯಾನೇಜರು ಖಾನೆಗೆ ಕೈ ಹಾಕಿಯೇಬಿಟ್ಟರು.

"ಬೇಡಿ!" ಎಂದು ನಾನೂ ಮೇಸ್ತ್ರಿಯೂ ಒಟ್ಟಿಗೆ ಕೂಗಿದೆವು. ನಮ್ಮ ಕಾರಣಗಳು ಬೇರೆ ಬೇರೆ. ಪೂಜೆಯಾಗಿ ಚಾಲೂ ಆದದ್ದನ್ನು ಮೊದಲ ಲೋಡು ಮುಗಿಯುವ ಮುಂಚೆ ಕಿತ್ತು ತೆಗೆಯಬಾರದೆಂಬುದು ಮೇಸ್ತ್ರಿಯದು. ಕರ್ನಲ್ಲು ಕೈಯಲ್ಲಿ ಹಿಡಿದುಕೊಂಡಿರುವ ಡಿಸ್ಕನ್ನು ಎಳೆದರೆ ಮೂರು ಸಾರ್ಟರುಗಳೂ ಅಲ್ಲಲ್ಲೇ ನಿಂತುಹೋಗುತ್ತವೆಂಬುದು ನನ್ನದು. ಎಲ್ಲವನ್ನೂ ಆಫ್ ಮಾಡಿ, ಡಿಸ್ಕ್ ತೆಗೆದು, ಆನ್ ಮಾಡಿದರೆ ಸುಲಭ, ಮೇಸ್ತ್ರಿಯನ್ನು ಹೇಗಾದರೂ ಸಮಾಧಾನ ಮಾಡಬಹುದಿತ್ತು. ಆದರೆ ಸರ್ವರು ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಆಗಲೇ ನೋಡಿದ್ದೆವು, ಖರೀದಿಯವರ ಕಾರು ಚಿಕ್ಕಮಗಳೂರು ಬಿಟ್ಟಿದೆಯೆಂದು ಫೋನೂ ಬಂದಿತ್ತು.

ಅಲ್ಲಿಯೇ ನಿರ್ಧರಿಸಿದೆ. ಯಾವುದನ್ನೂ ನಿಲ್ಲಿಸುವುದು ಬೇಡ. ನಕಲು ಖಾನೆಯಲ್ಲೇ ಇರಲಿ, ಅದರ ಬೋರ್ಡು ಮಾತ್ರ ಬದಲಾಗಲಿ. ಹಂಚುವುದರಿಂದ ಅದನ್ನು ಕೈಬಿಟ್ಟು, ಕರ್ನಲ್ಲಿನ ಕೋಷ್ಟಕವನ್ನು ಖಾಲಿ ಮಾಡಿದರೆ, ಮುಂದಿನ ಚೀಟಿ ಬಂದಾಗ ಅದು ಮತ್ತೆ ಕೇಳಲೇಬೇಕು. ಆಗ ಆ ಗುರುತಿಗೆ ಉಳಿದಿರುವುದು ಒಂದೇ ಎಸ್ಟೇಟು. ಸಾರ್ಟರುಗಳ ಕೈಲಿರುವ ಹಳೆಯ ಚೀಟಿಗಳೇ ಅಲ್ಲಿ ಸಲ್ಲಬೇಕು, ಯಾಕೆಂದರೆ ಇನೋಡೂ ಜನರೇಷನ್ನೂ ಅವೇ. ನಮ್ಮನ್ನು ಹಾಳು ಮಾಡಿದ್ದೇ ನಮ್ಮನ್ನು ಉಳಿಸಬೇಕಿತ್ತು. ಲೆಕ್ಕ ತಪ್ಪಿದರೆ ಸಾರ್ಟರುಗಳು ನಿಂತುಹೋಗುತ್ತವೆ, ಮ್ಯಾನೇಜರು ಮೂಟೆಗಳನ್ನು ಮಾಮೂಲಿಗೆ ಸುರಿಸುತ್ತಾರೆ, ಮುಂದಿನ ವರ್ಷ ಬಾಳೂರಿನ ಆ ಮನೆಯವರು ಬರೀ ಹಣ್ಣು ಮಾರುತ್ತಾರೆ. ಬೆಳೆಗಾರ್ತಿಯ ಹತ್ತಿರ ಹೋಗಿ ಹಾಗೆಂದೇ ಹೇಳಿದೆ.

"ನಿಮ್ಗೆ ಧೈರ್ಯ ಉಂಟಾ?" ಎಂದು ಕೇಳಿದರು.

"ಉಂಟು."

"ಹಾಗಾದ್ರೆ ಮಾಡಿ. ಇಷ್ಟು ದಿನ ಕೈಯಾಡಿಸಿದ್ದು ನಾನು, ಭಯ ಪಡ್ಬೇಕಾದೋಳೂ ನಾನೇ."

ಮೊದಲ ಆಜ್ಞೆ ಕೊಟ್ಟೆ. ನಕಲು ಹಂಚಿಕೆಯಿಂದ ಹೊರಬಂತು. ಡಿಸ್ಕನ್ನು ಬಿಡಿಸಲು ಹೋದರೆ ಕರ್ನಲ್ಲು ಬಿಡಲೊಲ್ಲದು, ಬಳಕೆಯಲ್ಲಿದೆ ಎಂದಿತು. ಆಮೇಲೆ ಹೊಳೆಯಿತು: ಕೋಷ್ಟಕವಿನ್ನೂ ಖಾಲಿಯಾಗಿಲ್ಲ, ಹಳೆಯ ಉತ್ತರ ಅದನ್ನು ಹಿಡಿದುಕೊಂಡಿದೆ! ಖಾಲಿ ಮಾಡಿದೆ. ಮತ್ತೆ ಬಿಡಿಸಿದೆ. ಬಿಟ್ಟಿತು. ನಾನು ಇಟ್ಟ ಕಿವಿ ಇನ್ನೂ ಅಲ್ಲಿಯೇ ಕೇಳಿಸಿಕೊಳ್ಳುತ್ತಿತ್ತು. ಸಾರ್ಟರೊಂದರಿಂದ ಮುಂದಿನ ಚೀಟಿ ಬಂತು.

ಎಂಟು, ಹದಿನೇಳು.

ಚಪ್ಪಾಳೆ ತಟ್ಟಿಕೊಂಡೆ, ಒಬ್ಬಳೇ. ನಕಲಿಗೆ ಹೊಸ ಗುರುತು ಕೊಡಲು ಹೋದರೆ ಮೊದಲು ಡಿಸ್ಕ್ ಪರೀಕ್ಷೆ ಮಾಡೆಂದು ಸರ್ವರು ಹಟ ಹಿಡಿಯಿತು. ಮಾಡಿಕೊಳ್ಳಲಿ ಎಂದು ಅದನ್ನು ಅಲ್ಲಿಯೇ ಬಿಟ್ಟು ಶೆಡ್ಡಿಗೆ ಓಡಿದೆ. ಮೂರನೇ ಖಾನೆಯ ಹಸಿರು ದೀಪ ಉರಿಯುತ್ತಲೇ ಇದ್ದುದರಿಂದ ಮೇಸ್ತ್ರಿಗೂ ತಕರಾರಿರಲಿಲ್ಲ.

ಸಾರ್ಟರಿನ ಪರದೆಯಲ್ಲಿ ಫೈಲ್ ತೆರೆದೆವು. ಯಂತ್ರ ನಿಲ್ಲಲಿಲ್ಲ, ಗೊಣಗಲಿಲ್ಲ, ಏನಾದರೂ ನಡೆದಿದೆಯೆಂಬುದೇ ಅದಕ್ಕೆ ಗೊತ್ತಿರಲಿಲ್ಲ. ಮ್ಯಾನೇಜರು ತಿದ್ದಿದ ಮಿತಿಗಳು ಬಂದವು. ಮೇಸ್ತ್ರಿ ಮೊದಲು ತಿರಸ್ಕಾರದ ತೊಟ್ಟಿಯ ಬೀಜವನ್ನೇ ಒಂದು ಮೊರ ಸುರಿದರು. ಟಕ್. ತುಸು ಬಿಟ್ಟು ಇನ್ನೊಂದು ಟಕ್. ಊದಿದ್ದನ್ನು ಆರಿಸಿ ನೋಡಿದರೆ ಒಂದು ಕಪ್ಪು ಬೀಜ, ಒಂದು ಹುಳುಕು. ಮಿಕ್ಕಿದ್ದೆಲ್ಲ ಒಳ್ಳೆಯ ತೊಟ್ಟಿಗೆ ಸುರಿದಿತ್ತು. ಮ್ಯಾನೇಜರು ನನ್ನ ಬೆನ್ನಿಗೆ ಗುದ್ದಲು ಕೈ ಎತ್ತಿ, ಹೆಂಗಸೆಂದು ನೆನಪಾಗಿ ಮೇಸ್ತ್ರಿಯ ಬೆನ್ನಿಗೆ ಗುದ್ದಿದರು.

ಬೆಳೆಗಾರ್ತಿ ಮೂಟೆಯಿಂದ ಇಳಿದು ಬಂದರು. ಪೂರಾ ಲೋಡು ಓಡಲು ಶುರುವಾಯಿತು. ಅವರು ಒಳ್ಳೆಯ ಬೀಜ ಬೀಳುವ ಕಡೆ ನಿಂತು ನೋಡಿದರು, ಆಮೇಲೆ ಮನೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆ ಅವರ ಭಾವ ಎತ್ತಿದರು. ಇವರು ಫೋನನ್ನು ತೊಟ್ಟಿಯ ಹತ್ತಿರ ಹಿಡಿದರು.

"ಎಂತ ಅದು ಸದ್ದು? ಮೂಡಿಗೆರೇಲಿ ಮಳೆಯಾ?" ಎಂದು ಕೇಳಿಸಿತು ಭಾವನ ದನಿ.

"ಮಳೆ ಅಲ್ಲ ಭಾವ, ನಮ್ಮ ಕಾಫಿ. ಪಾಸಾಗಿ ಬೀಳ್ತಾ ಉಂಟು," ಎಂದರು ಅವರು. "ಮುಂದಿನ ವರ್ಷನೂ ನಾನೇ ಮಾಡ್ತೇನೆ. ಅರ್ಧ ಅಲ್ಲ, ಪೂರಾ ತೋಟದ್ದು."

ಅವರು ಫೋನನ್ನು ಇನ್ನೂ ಸ್ವಲ್ಪ ಕೆಳಕ್ಕೆ, ಬೀಜ ಬೀಳುವಲ್ಲಿಗೇ ಹಿಡಿದರು.